ಕರುಳಿಗೂ ಬೇಕು ಕಸರತ್ತು

ಕರುಳು ಅನ್ನುವ ಮಾತು ನಮ್ಮ ಹೆಂಗಸರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತೋ ಲೆಕ್ಕವಿಲ್ಲ. ಮಗು ಎಡವಿ ಬಿದ್ದರೆ ಕರುಳು ಚುರುಕ್ಕೆನ್ನುತ್ತೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕರುಳು ಕಿತ್ತು ಬರುತ್ತೆ. ಹೆತ್ತ ಮಕ್ಕಳೆಂದರೆ ಕರುಳಿನ ಕುಡಿಗಳೇ. ಆದರೆ ಹೊಟ್ಟೆಯೊಳಗೆ ಸುರುಳಿ ಸುತ್ತಿಕೊಂಡು ಹಗಲು ರಾತ್ರಿ ದುಡಿಯುವ ನಿಜವಾದ ಕರುಳಿನ ನೆನಪು ಬರುವುದು ಮಾತ್ರ ಹೊಟ್ಟೆ ನುಲಿದಾಗ. ಒಂದು ಚಿಟಿಕೆ ಓಮ, ಒಂದು ಲೋಟ ಮಜ್ಜಿಗೆ ಕುಡಿದು ಸರಿಹೋದರೆ ಮತ್ತೆ ಮರೆತೇ ಬಿಡುತ್ತೇವೆ.

ಈ ಕರುಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಪ್ರಯತ್ನ ಕೆಲವು ವರ್ಷಗಳಿಂದ ನಡೆಯುತ್ತಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಇನ್ನೂ ಆಶ್ಚರ್ಯದ ಮಾತೆಂದರೆ, ಬರೀ ಪೋಷಣೆ ಕೊಟ್ಟು, ಬೆಚ್ಚಗೆ ಇಟ್ಟರೆ ಅದು ಕರುಳಾಗುವುದಿಲ್ಲವಂತೆ. ಎಳೆಯಬೇಕು, ಬಿಡಬೇಕು, ಮತ್ತೆ ಎಳೆಯಬೇಕು. ಮಕ್ಕಳಿಗೆ ಆಟೋಟ ಇದ್ದ ಹಾಗೆ ಕರುಳಿಗೂ ಕಸರತ್ತು ಬೇಕು. ಈ ಸಂಗತಿಯಲ್ಲಿ ನಾವು ಮನೆಯಲ್ಲಿ ತಿಳಿದಿರಬೇಕಾದ ಮಾತುಗಳೂ ಇವೆ.

ಹೊಟ್ಟೆಯೊಳಗಿನ ದುಡಿಮೆಗಾರ

ಬೆಳೆದ ಮನುಷ್ಯನ ಸಣ್ಣ ಕರುಳನ್ನು ಬಿಡಿಸಿ ಹಾಸಿದರೆ ಸುಮಾರು 6 ಮೀಟರ್ ಉದ್ದ. ನಾವು ಉಡುವ ಸೀರೆಗಿಂತ ಸ್ವಲ್ಪ ಹೆಚ್ಚೇ ಅನ್ನಿ. ದೊಡ್ಡ ಕರುಳು ಇನ್ನೊಂದು ಒಂದೂವರೆ ಮೀಟರ್. ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲಿನ ಹಾಗೆ. ಟವೆಲಿನ ಎಳೆಗಳು ನೀರು ಹೀರುವಂತೆ ಅಲ್ಲಿನ ಸಣ್ಣ ಸಣ್ಣ ಕುಚ್ಚುಗಳು ಅನ್ನದ ಸಾರವನ್ನು ಹೀರುತ್ತವೆ.

ಹೊರಗಡೆ ಎರಡು ಪದರ ಮಾಂಸಖಂಡ. ಒಳಗಿನದು ಬಳೆಯಂತೆ ಸುತ್ತಲೂ ಹಬ್ಬಿದೆ, ಹೊರಗಿನದು ಉದ್ದುದ್ದಕ್ಕೆ ಹಬ್ಬಿದೆ. ಬಳೆ ಪದರ ಹಿಂದಿನಿಂದ ಹಿಂಡುತ್ತೆ, ಉದ್ದದ ಪದರ ಮೊಟಕಾಗಿ ಎಳೆದುಕೊಳ್ಳುತ್ತೆ. ಟೂತ್‌ಪೇಸ್ಟಿನ ಟ್ಯೂಬನ್ನು ಹಿಂದಿನಿಂದ ಒತ್ತುತ್ತಾ ಬಂದ ಹಾಗೆ ಆಹಾರ ಮುಂದೆ ಮುಂದೆ ಸಾಗುತ್ತೆ. ಈ ಕೆಲಸಕ್ಕೆ ನಮ್ಮ ಅಪ್ಪಣೆ ಬೇಕಿಲ್ಲ. ಕರುಳಿನ ಗೋಡೆಯಲ್ಲೇ 10 ಕೋಟಿಗೂ ಹೆಚ್ಚು ನರಕೋಶಗಳಿವೆ. 1899ರಲ್ಲೇ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು, ಮಿದುಳಿನಿಂದ ಬರುವ ನರಗಳನ್ನು ಕತ್ತರಿಸಿದರೂ ಕರುಳು ತನ್ನ ಪಾಡಿಗೆ ತಾನು ಹಿಂಡುತ್ತಲೇ ಇರುತ್ತದೆಂದು ತೋರಿಸಿದ್ದರು. ಮನೆಯ ಯಜಮಾನ ಊರಿಗೆ ಹೋದರೂ ಮನೆಯೊಡತಿ ಒಲೆ ಹಚ್ಚುವುದನ್ನು ಬಿಡುತ್ತಾಳೆಯೇ? ಹಾಗೆ.

ಕರುಳು ಕಡಿಮೆಯಾದರೆ

ಇಷ್ಟುದ್ದದ ಕರುಳಿನಲ್ಲಿ ಸ್ವಲ್ಪ ಹೋದರೆ ನಷ್ಟವಿಲ್ಲ. ಬಹಳ ಹೋದರೆ? ತಿಂದದ್ದು ಮೈಗೆ ಹತ್ತುವುದಿಲ್ಲ, ನೀರು ನೀರಾಗಿ ಹೋಗುತ್ತೆ, ಮಗುವಾದರೆ ಕಣ್ಣೆದುರೇ ಸೊರಗುತ್ತೆ. ಅವಧಿಗೆ ಮೊದಲೇ ಹುಟ್ಟಿದ ಕೂಸುಗಳಲ್ಲಿ ಕೆಲವಕ್ಕೆ ಕರುಳು ಕೊಳೆಯುವ ಕಾಯಿಲೆ ಬರುತ್ತೆ. ಇನ್ನು ಕೆಲವಕ್ಕೆ ಹೊಟ್ಟೆಯೊಳಗೆ ಕರುಳು ತಿರುಚಿಕೊಂಡು ರಕ್ತ ನಿಂತುಹೋಗುತ್ತೆ. ಆಗ ಸತ್ತ ಭಾಗವನ್ನು ಕತ್ತರಿಸಿ ತೆಗೆಯದೆ ಗತ್ಯಂತರವಿಲ್ಲ.

ನನ್ನ ನಾದಿನಿಯ ಮಗಳ ಕೂಸಿಗೆ ಆದದ್ದು ಇದೇ. ಬಾಣಂತನದ ಹನ್ನೆರಡನೇ ದಿನ, ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗು ಹಸಿರು ಹಸಿರಾಗಿ ವಾಂತಿ ಮಾಡಿಕೊಂಡಿತು. ನೋಡಲು ಬಂದಿದ್ದ ಅಜ್ಜಿಯೊಬ್ಬರು "ದೃಷ್ಟಿಯಾಗಿದೆ ಕಣೇ, ನೀವಾಳಿಸಿ ಹಾಕು, ಒಂಚೂರು ಹರಳೆಣ್ಣೆ ನೆಕ್ಕಿಸು" ಅಂದರಂತೆ. ನನ್ನ ನಾದಿನಿ ಹೆಚ್ಚು ಓದಿದವಳಲ್ಲ. ಆದರೆ ಹಾಲು ಕುಡಿದ ಮಗು ಹಸಿರು ಕಕ್ಕುವುದೆಂದರೇನು ಅಂತ ಅವಳಿಗೆ ಅನ್ನಿಸಿತು. "ದೃಷ್ಟಿ ಆಮೇಲೆ ತೆಗೆಯೋಣ ಅಜ್ಜಿ, ಮೊದಲು ಡಾಕ್ಟರಿಗೆ ತೋರಿಸ್ತೀನಿ" ಎಂದು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಡಿಗೆ ಕಾರು ಹತ್ತಿದಳು. ಆ ರಾತ್ರಿಯೇ ದೊಡ್ಡ ಊರಿನಲ್ಲಿ ಆಪರೇಷನ್ ಆಯಿತು. ಹುಟ್ಟಿದ ಕೂಸಿಗೆ ಸಣ್ಣ ಕರುಳು ಐದಾರು ಮೊಳ ಇರುತ್ತೆ. ಈ ಮಗುವಿಗೆ ಉಳಿದದ್ದು ಒಂದು ಮೊಳಕ್ಕಿಂತ ಚೂರು ಹೆಚ್ಚು.

ಆಮೇಲಿನ ತಿಂಗಳುಗಳೆಲ್ಲ ಆಸ್ಪತ್ರೆಯಲ್ಲೇ. ರಕ್ತನಾಳದ ಮೂಲಕ ಡ್ರಿಪ್ಪಿನಲ್ಲಿ ಪೂರ್ತಿ ಆಹಾರ. ಈ ವಿಧಾನವನ್ನು ಬಳಕೆಗೆ ತಂದವರು ಅಮೆರಿಕದ ಸರ್ಜನ್ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಅವರ ಸಂಗಡಿಗರು, 1960ರ ದಶಕದ ಕೊನೆಯಲ್ಲಿ. ಮೊದಲು ನಾಯಿಮರಿಗಳನ್ನು ಬರೀ ಡ್ರಿಪ್ಪಿನ ಆಹಾರದಿಂದಲೇ ಬೆಳೆಸಿ, ಆಮೇಲೆ ಕರುಳಿಲ್ಲದ ಒಂದು ಹೆಣ್ಣುಕೂಸಿಗೆ ಕೊಟ್ಟು ನೋಡಿದರು. ಅಂದಿನಿಂದ ಇದು ಎಷ್ಟೋ ಜೀವ ಉಳಿಸಿದೆ. ಆದರೆ ಇದರಲ್ಲೂ ತೊಂದರೆಗಳಿವೆ. ನಳಿಕೆಯಿಂದ ರಕ್ತಕ್ಕೆ ಸೋಂಕು ತಗಲಬಹುದು, ಬಹಳ ದಿನ ನಡೆದರೆ ಪಿತ್ತಜನಕಾಂಗ ಕೆಡಬಹುದು. ಖರ್ಚಂತೂ ಕೇಳಲೇಬೇಡಿ, ಇದ್ದ ಒಡವೆ ಮಾರವಾಡಿ ಅಂಗಡಿ ಸೇರಿದವು.

ಅಲ್ಲಿನ ಡಾಕ್ಟರು ಒಂದು ದಿನ ನಾದಿನಿಯ ಮಗಳಿಗೆ ಹೇಳಿದ ಮಾತು ನಮ್ಮ ಮನೆಯಲ್ಲಿ ಇಂದಿಗೂ ಎಲ್ಲರಿಗೂ ಬಾಯಿಪಾಠ. "ನೋಡಮ್ಮ, ಡ್ರಿಪ್ಪು ಮೈಗೆ ಊಟ ಕೊಡುತ್ತೆ, ಕರುಳಿಗೆ ಕೆಲಸ ಕೊಡಲ್ಲ. ಕೆಲಸ ಇಲ್ಲದ ಕರುಳು ಸೊರಗುತ್ತೆ. ದಿನಕ್ಕೆ ನಾಲ್ಕು ಹನಿಯಾದರೂ ನಿನ್ನ ಹಾಲು ಹೋಗಲಿ." ಹನಿಯಿಂದ ಚಮಚೆ, ಚಮಚೆಯಿಂದ ಒಳಲೆ. ಉಳಿದ ಆ ಮೊಳದುದ್ದದ ಕರುಳು ಮೆಲ್ಲ ಮೆಲ್ಲಗೆ ಅಗಲವಾಯಿತು, ಉದ್ದವೂ ಆಯಿತು. ಕರುಳು ಹೀಗೆ ಹೊಂದಿಕೊಳ್ಳುವ ಗುಣ ವೈದ್ಯರಿಗೆ ಚೆನ್ನಾಗಿ ಗೊತ್ತಿರುವುದೇ. ಒಳಗಿನ ಕುಚ್ಚುಗಳು ಉದ್ದವಾಗುತ್ತವೆ, ಗೋಡೆ ದಪ್ಪವಾಗುತ್ತೆ. ಇವತ್ತು ಆ ಹುಡುಗಿ ಎರಡನೇ ಕ್ಲಾಸು. ಒಂದೇ ಸಲ ಹೊಟ್ಟೆ ತುಂಬ ಉಣ್ಣುವ ಹಾಗಿಲ್ಲ, ಸ್ವಲ್ಪ ಸ್ವಲ್ಪ ಆರು ಸಲ ಊಟ, ಆಗಾಗ ಬಿ ಹನ್ನೆರಡರ ಇಂಜೆಕ್ಷನ್. ಆದರೂ ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸುವವರಿಲ್ಲ!

ಎಲ್ಲ ಮಕ್ಕಳಿಗೂ ಈ ಭಾಗ್ಯ ಇರುವುದಿಲ್ಲ. ಉಳಿದ ಕರುಳು ಅಷ್ಟೂ ಇಲ್ಲದಿದ್ದರೆ ಬೇರೆಯವರ ಕರುಳನ್ನು ಕಸಿ ಮಾಡಬೇಕು. ಅದು ಸುಲಭದ ಕೆಲಸವಲ್ಲ, ಮೈ ಅದನ್ನು ಒಪ್ಪಿಕೊಳ್ಳುವುದೂ ಕಷ್ಟ. ಅದಕ್ಕೇ ವಿಜ್ಞಾನಿಗಳು ಕೇಳಿಕೊಂಡದ್ದು: ರೋಗಿಯ ಕೋಶಗಳಿಂದಲೇ ಹೊಸ ಕರುಳು ಬೆಳೆಸಬಾರದೇಕೆ?

ತಟ್ಟೆಯಲ್ಲಿ ಕರುಳಿನ ಸಸಿ

2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಶಾಲೆಯಲ್ಲಿ ತೋಶಿರೊ ಸಾಟೊ ಎಂಬ ವಿಜ್ಞಾನಿ, ಇಲಿಯ ಕರುಳಿನ ಒಂದೇ ಒಂದು ಮೂಲಕೋಶದಿಂದ ಕರುಳಿನ ಒಳಪದರದ ಪುಟ್ಟ ಉಂಡೆಯನ್ನು ಬೆಳೆಸಿದರು. 2011ರಲ್ಲಿ ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ಜೇಮ್ಸ್ ವೆಲ್ಸ್ ಅವರ ತಂಡ ಮನುಷ್ಯನ ಮೂಲಕೋಶಗಳಿಂದ ಕರುಳಿನ ಉಂಡೆ ಬೆಳೆಸಿತು. ಚರ್ಮದಂಥ ಸಾಮಾನ್ಯ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಮೂಲಕೋಶ ಮಾಡುವ ವಿದ್ಯೆಯನ್ನು ಜಪಾನಿನ ಶಿನ್ಯಾ ಯಮನಾಕ ಅಷ್ಟರಲ್ಲಿ ಕಂಡುಹಿಡಿದಿದ್ದರು. 2012ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು.

ಆದರೆ ತಟ್ಟೆಯಲ್ಲಿ ಬೆಳೆದ ಈ ಕರುಳು ಇನ್ನೂ ಎಳಸು. ಬಸುರಿಯ ಹೊಟ್ಟೆಯಲ್ಲಿನ ಭ್ರೂಣದ ಕರುಳಿನಷ್ಟೇ ಬಲಿತಿತ್ತು. ಮಾಂಸಖಂಡ ಹಿಂಡುವಷ್ಟು ಗಟ್ಟಿಯಿರಲಿಲ್ಲ. ಕರುಳಿನ ಮಾಂಸಕೋಶಗಳಿಗೆ ಒಂದು ವಿಚಿತ್ರ ಸ್ವಭಾವವಿದೆ. ಅವನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಸುಮ್ಮನೆ ಹಾಕಿಟ್ಟರೆ, ಹಿಂಡುವ ಕೆಲಸವನ್ನೇ ಮರೆತು ಬರೀ ಸಂಖ್ಯೆ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತವೆ. ದಿಕ್ಕೂ ಇಲ್ಲ, ಸಾಲೂ ಇಲ್ಲ. ಇವಕ್ಕೆ ಶಿಸ್ತು ಕಲಿಸುವುದು ಹೇಗೆ? ಉತ್ತರ ಸಿಕ್ಕಿದ್ದು ಕೋಳಿಮೊಟ್ಟೆಯಲ್ಲಿ.

ಮೊಟ್ಟೆಯೊಳಗಿನ ಪಾಠ

ಲಂಗಕ್ಕೆ ನೆರಿಗೆ ಹಿಡಿಯುವುದು ನಮಗೆಲ್ಲ ಗೊತ್ತು. ಉದ್ದನೆಯ ಬಟ್ಟೆಯನ್ನು ಗಿಡ್ಡ ದಾರಕ್ಕೆ ಹೊಲಿದು ಎಳೆದರೆ ತಾನಾಗಿ ನೆರಿಗೆ ಬೀಳುತ್ತೆ. ಕರುಳು ಸುರುಳಿ ಸುತ್ತುವುದೂ ಇದೇ ಲೆಕ್ಕದಲ್ಲಿ! ಕರುಳನ್ನು ಬೆನ್ನಿನ ಕಡೆಗೆ ಹಿಡಿದಿಟ್ಟಿರುವ ತೆಳುವಾದ ಪರದೆಯೊಂದಿದೆ. ಕರುಳು ಬೇಗ ಬೆಳೆಯುತ್ತೆ, ಪರದೆ ನಿಧಾನ. ಹಾಗಾಗಿ ಕರುಳು ಸುರುಳಿಯಾಗದೆ ವಿಧಿಯಿಲ್ಲ. 2011ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಲಿಫರ್ಡ್ ಟ್ಯಾಬಿನ್ ಮತ್ತು ಎಲ್. ಮಹಾದೇವನ್ ಅವರ ತಂಡ ಇದನ್ನು ತೋರಿಸಿತು. ಅದಕ್ಕಾಗಿ ಅವರು ರಬ್ಬರ್ ಹಾಳೆಯನ್ನು ಎಳೆದು ಹಿಡಿದು, ಅದರ ಅಂಚಿಗೆ ರಬ್ಬರ್ ಕೊಳವೆಯನ್ನು ಹೊಲಿದು, ಕೈ ಬಿಟ್ಟರು. ಕೊಳವೆ ಥೇಟ್ ಕರುಳಿನ ಹಾಗೇ ಸುತ್ತಿಕೊಂಡಿತು. ಈ ಮಹಾದೇವನ್ ಮದ್ರಾಸಿನ ಐಐಟಿಯಲ್ಲಿ ಓದಿದವರು. ಸೂಜಿದಾರದ ವಿದ್ಯೆ ವಿಜ್ಞಾನಕ್ಕೂ ಬಂತಲ್ಲ ಅಂತ ಓದಿದಾಗ ನನಗೆ ಬಹಳ ಖುಷಿಯಾಯಿತು.

2013ರಲ್ಲಿ ಅದೇ ತಂಡ ಒಳಗಿನ ಕುಚ್ಚುಗಳ ಗುಟ್ಟನ್ನೂ ಬಿಡಿಸಿತು. ಸುತ್ತಲಿನ ಮಾಂಸಪದರ ಬಿಗಿಯಾಗಿ ಹಿಡಿದಿರುವುದರಿಂದಲೇ ಒಳಪದರ ಬೆಳೆಯಲು ಜಾಗವಿಲ್ಲದೆ ಮಡಿಕೆಯಾಗುತ್ತೆ. ಮಾಂಸಪದರ ಸುಲಿದು ತೆಗೆದರೆ ಮಡಿಕೆ ಬೀಳುವುದಿಲ್ಲ. ಸುಲಿದ ಕರುಳನ್ನು ರೇಷ್ಮೆಯಿಂದ ಮಾಡಿದ ಬಿಗಿ ಕೊಳವೆಯೊಳಗೆ ಇಟ್ಟರೆ ಮತ್ತೆ ಮಡಿಕೆ ಬಂತು. ಅಂದರೆ ಬೇಕಾದದ್ದು ಆ ಬಿಗಿತ.

2019ರಲ್ಲಿ ಹಾರ್ವರ್ಡಿನಿಂದಲೇ ಇನ್ನೊಂದು ಸಂಗತಿ ಹೊರಬಂತು. ಮರಿಯ ಕರುಳಿನಲ್ಲಿ ಮೊದಲು ಹುಟ್ಟುವುದು ಬಳೆಯಂಥ ಪದರ. ಅದು ತನ್ನಷ್ಟಕ್ಕೆ ತಾನೇ ಹಿಂಡುವುದಕ್ಕೆ ಶುರು ಮಾಡುತ್ತೆ. ಆ ಎಳೆದು ಬಿಡುವ ಮಿಡಿತವೇ ಆಮೇಲೆ ಹುಟ್ಟುವ ಕೋಶಗಳಿಗೆ "ನೀವು ಉದ್ದಕ್ಕೆ ನಿಲ್ಲಿ" ಅಂತ ದಿಕ್ಕು ತೋರಿಸುವುದು. ಮಿಡಿತವನ್ನು ತಡೆದರೆ ಉದ್ದದ ಪದರದ ಕೋಶಗಳು ಸರಿಯಾಗಿ ಸಾಲುಗಟ್ಟುವುದಿಲ್ಲ. ಅಕ್ಕ ಕೆಲಸ ಮಾಡುವುದನ್ನು ನೋಡಿ ತಂಗಿ ಕಲಿತ ಹಾಗೆ.

ಕಸರತ್ತಿನ ನಾನಾ ಬಗೆ

ಪಾಠ ಸಿಕ್ಕಿತು, ಇನ್ನು ಪ್ರಯೋಗ. ಹೇಗೆ ಕಸರತ್ತು ಮಾಡಿಸುತ್ತಾರೆ?

ಒಂದು ಬಗೆ, ತಳದಲ್ಲಿ ರಬ್ಬರ್ ಹಾಳೆ ಇರುವ ತಟ್ಟೆಯಲ್ಲಿ ಕೋಶಗಳನ್ನು ಬೆಳೆಸುವುದು. ಕೆಳಗಿನಿಂದ ಗಾಳಿ ಹೀರಿದರೆ ಹಾಳೆ ಹಿಗ್ಗುತ್ತೆ, ಬಿಟ್ಟರೆ ಕುಗ್ಗುತ್ತೆ. ಜೊತೆಗೆ ಕೋಶಗಳೂ.

2012ರಲ್ಲಿ ಹಾರ್ವರ್ಡಿನ ವೀಸ್ ಸಂಸ್ಥೆಯ ಡೊನಾಲ್ಡ್ ಇಂಗ್ಬರ್ ತಂಡ ಇದೇ ತತ್ವದ ಮೇಲೆ ಬೆರಳುದ್ದದ ಒಂದು ಪುಟ್ಟ ಸಾಧನ ಮಾಡಿತು. ಮೆತ್ತನೆಯ ಸಿಲಿಕೋನ್ ರಬ್ಬರಿನ ನಡುವೆ ಸಣ್ಣ ರಂಧ್ರಗಳ ತೆಳುಪೊರೆ, ಅದರ ಮೇಲೆ ಮನುಷ್ಯನ ಕರುಳಿನ ಒಳಪದರದ ಕೋಶಗಳು. ಪೊರೆಯನ್ನು ನಿಮಿಷಕ್ಕೆ ಸುಮಾರು 9 ಸಲ, ಅದರ ಅಗಲದ ನೂರಕ್ಕೆ 10 ಪಾಲಿನಷ್ಟು ಎಳೆದು ಬಿಟ್ಟು, ಮೇಲೆ ನಿಧಾನವಾಗಿ ದ್ರವ ಹರಿಸಿದರು. ಸುಮ್ಮನೆ ತಟ್ಟೆಯಲ್ಲಿ ಚಪ್ಪಟೆಯಾಗಿ ಬಿದ್ದಿರುತ್ತಿದ್ದ ಕೋಶಗಳು ಇಲ್ಲಿ ಎದ್ದು ನಿಂತು ಕುಚ್ಚಿನಂಥ ಮಡಿಕೆಗಳಾದವು!

ಮಾಂಸಖಂಡವನ್ನೇ ಬೆಳೆಸಿದವರು ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಖಲೀಲ್ ಬಿಟಾರ್ ಮತ್ತು ತಂಡದವರು. ನೇಗಿಲ ಸಾಲಿನಂಥ ಸೂಕ್ಷ್ಮ ಗೀರುಗಳಿರುವ ತಟ್ಟೆಯಲ್ಲಿ ಬಿತ್ತಿದರೆ ಕೋಶಗಳು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ಆ ಪದರವನ್ನು, ಸೀಗಡಿ ಏಡಿಗಳ ಚಿಪ್ಪಿನಿಂದ ಸಿಗುವ ವಸ್ತುವಿನ ಕೊಳವೆಗೆ ಅವರು ಸುತ್ತಿದರು.

ಸಿನ್ಸಿನಾಟಿಯವರು 2017ರಲ್ಲಿ ತಮ್ಮ ಕರುಳಿನ ಉಂಡೆಗೆ ನರದ ಮೊಳಕೆಗಳನ್ನೂ ಸೇರಿಸಿದರು. ಅದು ಅಲೆಯಲೆಯಾಗಿ ಹಿಂಡತೊಡಗಿತು. 2018ರಲ್ಲಿ ಮೈಕಲ್ ಹೆಲ್ಮ್‌ರಾತ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಲಿಯ ಹೊಟ್ಟೆಯಲ್ಲಿ ಬೆಳೆಯುತ್ತಿದ್ದ ಮನುಷ್ಯ ಕರುಳಿನ ತುಣುಕಿನೊಳಗೆ ಅದುಮಿದ ಪುಟ್ಟ ಸ್ಪ್ರಿಂಗ್ ಇಟ್ಟರು. ನಿಟಿನಾಲ್ ಅಂತ, ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿದ ಲೋಹದ್ದು. ಎಷ್ಟು ಬಗ್ಗಿಸಿದರೂ ತನ್ನ ಮೊದಲಿನ ಆಕಾರಕ್ಕೆ ಮರಳುವುದು ಅದರ ಗುಣ. ಸ್ಪ್ರಿಂಗ್ ಬಿಚ್ಚಿಕೊಂಡು ಒಳಗಿಂದ ತಳ್ಳಿದ ಹಾಗೆ ಕರುಳು ದೊಡ್ಡದಾಯಿತು, ಕುಚ್ಚುಗಳು ಉದ್ದವಾದವು, ಎಳಸುತನ ಕಳೆದು ಬಲಿತ ಕರುಳಿನ ಲಕ್ಷಣ ಬಂತು. ಸ್ಪ್ರಿಂಗ್ ಇಲ್ಲದವಕ್ಕೂ ಇವಕ್ಕೂ ಎದ್ದು ಕಾಣುವ ವ್ಯತ್ಯಾಸವಿತ್ತು.

ಸ್ಪ್ರಿಂಗ್ ಉಪಾಯದಲ್ಲಿ ಬಹಳ ವರ್ಷದಿಂದ ತೊಡಗಿರುವ ಇನ್ನೊಬ್ಬರು ಮಕ್ಕಳ ಸರ್ಜನ್ ಜೇಮ್ಸ್ ಡನ್. ಮೊದಲು ಲಾಸ್ ಏಂಜಲೀಸ್‌ನಲ್ಲಿ, ಆಮೇಲೆ ಸ್ಟಾನ್‌ಫರ್ಡ್‌ನಲ್ಲಿ ಕೆಲಸ. ಹೊಸ ಕರುಳು ಬೆಳೆಸುವುದರ ಬದಲು ಇರುವ ಕರುಳನ್ನೇ ಎಳೆದು ಉದ್ದ ಮಾಡಬಾರದೇ ಅಂತ ಅವರ ಯೋಚನೆ. ಇಲಿ, ಹಂದಿಗಳ ಕರುಳಿನಲ್ಲಿ ಸ್ಪ್ರಿಂಗ್ ಇಟ್ಟು ಉದ್ದ ಮಾಡಿ ತೋರಿಸಿದ್ದಾರೆ. ರಬ್ಬರಿನ ಹಾಗೆ ತೆಳುವಾಗಿ ಹಿಗ್ಗಿದ್ದಲ್ಲ, ಹೊಸ ಕೋಶಗಳು ಹುಟ್ಟಿ ನಿಜವಾಗಿ ಬೆಳೆದದ್ದು. ಕೆಲಸ ಮುಗಿದ ಮೇಲೆ ತಾನೇ ಕರಗಿಹೋಗುವ ಸ್ಪ್ರಿಂಗುಗಳೂ ಇವೆ. ತೆಗೆಯಲು ಎರಡನೇ ಆಪರೇಷನ್ ಬೇಡ.

ಅತಿಯಾದರೆ ಅಮೃತವೂ ವಿಷ

ಎಳೆದಷ್ಟೂ ಒಳ್ಳೆಯದೇ ಅಂತ ತಿಳಿಯಬೇಡಿ. ಕರುಳಿಗೆ ತಡೆ ಉಂಟಾದಾಗ ಆಹಾರ, ಗಾಳಿ ತುಂಬಿ ಅದು ಬಲೂನಿನಂತೆ ಉಬ್ಬುತ್ತೆ. ಅಷ್ಟು ಎಳೆತಕ್ಕೆ ಗೋಡೆಯಲ್ಲಿ ಉರಿಯೂತವಾಗಿ ಮಾಂಸಖಂಡ ಹಿಂಡುವ ಶಕ್ತಿ ಕಳೆದುಕೊಳ್ಳುತ್ತೆ. ಪ್ರಯೋಗಶಾಲೆಯಲ್ಲೂ ಎಷ್ಟು ಎಳೆಯಬೇಕು, ಎಷ್ಟು ಸಲ, ಎಷ್ಟು ಹೊತ್ತು ಬಿಡಬೇಕು ಅನ್ನುವುದೇ ದೊಡ್ಡ ಲೆಕ್ಕಾಚಾರ. ಚಪಾತಿ ಹಿಟ್ಟನ್ನು ನಾದಬೇಕು, ನೆನೆಯಲೂ ಬಿಡಬೇಕು ತಾನೇ?

ನಿಧಾನವಾಗಿ ಎಳೆದರೆ ಮೈ ಬೆಳೆಯುತ್ತೆ ಅನ್ನುವುದು ವೈದ್ಯರಿಗೆ ಹೊಸತಲ್ಲ. 1950ರ ದಶಕದಲ್ಲೇ ಸೈಬೀರಿಯಾದ ಕುರ್ಗಾನ್ ಊರಿನ ಡಾಕ್ಟರ್ ಇಲಿಜಾರೊವ್, ಕಾಲಿನ ಮೂಳೆಯನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ಎಳೆದು ಉದ್ದ ಮಾಡುವ ಚಿಕಿತ್ಸೆ ಶುರು ಮಾಡಿದ್ದರು. ಹುಟ್ಟುವಾಗಲೇ ಅನ್ನನಾಳ ತುಂಡಾಗಿರುವ ಕೂಸುಗಳಿಗೆ, ಎರಡು ತುದಿಗೂ ಹೊಲಿಗೆ ಹಾಕಿ ದಿನದಿನಕ್ಕೆ ಮೆಲ್ಲಗೆ ಎಳೆದು ಬೆಳೆಸಿ ಜೋಡಿಸುವ ವಿಧಾನವನ್ನು ಅಮೆರಿಕದ ಡಾಕ್ಟರ್ ಜಾನ್ ಫೋಕರ್ ರೂಪಿಸಿದರು. ಅದು ಮಕ್ಕಳಲ್ಲೇ ಬಳಕೆಯಾಗಿದೆ. ಆದರೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಕರುಳನ್ನು ರೋಗಿಗೆ ಜೋಡಿಸುವ ದಿನ ಇನ್ನೂ ದೂರವಿದೆ. ಮಾಂಸಖಂಡ, ನರ, ರಕ್ತನಾಳ, ಒಳಪದರ ಇಷ್ಟೂ ಕೂಡಿ ಸಂಸಾರ ಮಾಡಬೇಕು, ಅದೂ ಗೇಣುಗಟ್ಟಲೆ ಉದ್ದಕ್ಕೆ. ಆಗಿರುವ ಕೆಲಸ ಇನ್ನೂ ಅಂಗುಲದ ಲೆಕ್ಕದ್ದು. ಹಾಗಾಗಿ ಪತ್ರಿಕೆಯಲ್ಲಿ ನೋಡಿ ಯಾರಾದರೂ "ಹೊಸ ಕರುಳು ಹಾಕಿಸಿಕೊಡ್ತೀವಿ" ಅಂದರೆ ದುಡ್ಡು ಬಿಚ್ಚಬೇಡಿ.

ನಾವು ಗಮನಿಸಬೇಕಾದದ್ದು

ವಿಜ್ಞಾನ ಅದರ ದಾರಿಯಲ್ಲಿ ಬರಲಿ. ಅಲ್ಲಿಯವರೆಗೆ ಇರುವ ಕರುಳನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

1. ಎಳೆ ಕೂಸು ಹಸಿರು ಬಣ್ಣದ ವಾಂತಿ ಮಾಡಿದರೆ ಒಂದು ಗಂಟೆಯೂ ಕಾಯಬೇಡಿ. ಕರುಳು ತಿರುಚಿಕೊಂಡಿದ್ದರೆ ಪ್ರತಿ ಗಂಟೆಗೂ ಬೆಲೆಯಿದೆ. ಹರಳೆಣ್ಣೆ, ಗುಟ್ಟಿ, ಬಜೆ ಏನನ್ನೂ ಕೊಡದೆ, ಮಕ್ಕಳ ಆಪರೇಷನ್ ಮಾಡುವ ಅನುಕೂಲ ಇರುವ ಆಸ್ಪತ್ರೆಗೆ ಹೋಗಿ.

2. ಹುಟ್ಟಿದ ಕೂಸು ಸಾಮಾನ್ಯವಾಗಿ 24 ಗಂಟೆಯೊಳಗೆ ಕಪ್ಪು ಮಲ ಮಾಡುತ್ತೆ. ಮಾಡದಿದ್ದರೆ, ಹೊಟ್ಟೆ ಉಬ್ಬಿದರೆ ಡಾಕ್ಟರಿಗೆ ತಿಳಿಸಿ. ಕೆಲವು ಮಕ್ಕಳಿಗೆ ದೊಡ್ಡ ಕರುಳಿನ ಕೊನೆಯಲ್ಲಿ ನರಕೋಶಗಳೇ ಇರುವುದಿಲ್ಲ. ಹಿಂಡುವ ಅಲೆ ಅಲ್ಲಿಗೇ ನಿಂತುಬಿಡುತ್ತೆ. ಡೆನ್ಮಾರ್ಕಿನ ಹಿರ್ಷ್‌ಸ್ಪ್ರಂಗ್ ಎಂಬ ಮಕ್ಕಳ ವೈದ್ಯರು 1886ರಲ್ಲಿ ವಿವರಿಸಿದ ಕಾಯಿಲೆ ಇದು. ಆಪರೇಷನ್ನಿನಿಂದ ಗುಣ ಮಾಡಬಹುದು.

3. ಅವಧಿಗೆ ಮೊದಲು ಹುಟ್ಟಿದ ಮಗುವಿಗೆ ತಾಯಿಹಾಲಿಗಿಂತ ಮೇಲಾದದ್ದಿಲ್ಲ. ಕರುಳು ಕೊಳೆಯುವ ಕಾಯಿಲೆಯ ಭಯ ತಾಯಿಹಾಲು ಕುಡಿದ ಮಕ್ಕಳಲ್ಲಿ ಕಡಿಮೆ. ಮಗು ಚೀಪಲಾರದಿದ್ದರೆ ಹಾಲು ಹಿಂಡಿ ಕೊಡಿ.

4. ಹೊಟ್ಟೆಯ ಆಪರೇಷನ್ ಆದವರನ್ನು ಡಾಕ್ಟರು "ಗ್ಯಾಸ್ ಹೋಯ್ತಾ?" ಅಂತ ಕೇಳುವಾಗ ಮುಸಿಮುಸಿ ನಗುವುದುಂಟು. ಮಲಗಿದ್ದ ಕರುಳು ಎದ್ದು ಕೆಲಸಕ್ಕೆ ಇಳಿಯಿತೇ ಅಂತ ಅವರು ತಿಳಿಯುವುದು ಅದರಿಂದಲೇ. ಡಾಕ್ಟರು ಎದ್ದು ಓಡಾಡಿ ಅಂದರೆ ಓಡಾಡಿಸಿ, ಗಂಜಿ ಕೊಡಿ ಅಂದರೆ ಕೊಡಿ. "ಪಾಪ, ಮಲಗಿರಲಿ" ಅನ್ನುವ ಕರುಣೆ ಅಲ್ಲಿ ಬೇಡ.

5. ಡ್ರಿಪ್ ಹಾಕಿದ್ದಾರೆ, ಇನ್ನು ಬಾಯಿಗೆ ಯಾಕೆ ಅನ್ನಬೇಡಿ. ಕೊಡಬಹುದೇ, ಎಷ್ಟು ಕೊಡಬಹುದು ಎಂದು ಡಾಕ್ಟರನ್ನು ಕೇಳಿ. ಅವರು ಒಪ್ಪಿದರೆ ಆ ನಾಲ್ಕು ಚಮಚೆಯೇ ಕರುಳಿಗೆ ವ್ಯಾಯಾಮ.

6. ದೊಡ್ಡವರಿಗೂ ಇದೇ ನ್ಯಾಯ. ನಾರಿರುವ ಸೊಪ್ಪು, ತರಕಾರಿ, ಕಾಳು, ರಾಗಿ, ಸಾಕಷ್ಟು ನೀರು, ಸಂಜೆ ನಾಲ್ಕು ಹೆಜ್ಜೆ ನಡಿಗೆ. ನಾರು ಉಬ್ಬಿ ಕರುಳನ್ನು ಹಿತವಾಗಿ ಎಳೆಯುತ್ತೆ, ಕರುಳು ಹಿಂಡುತ್ತೆ. ಎಲ್ಲರಿಗೂ ಬಡಿಸಿ ಉಳಿದ ಸಾರನ್ನವನ್ನೇ ಉಂಡು, ಪಲ್ಯದ ಪಾತ್ರೆ ಖಾಲಿಯಾಯಿತೆಂದು ಸುಮ್ಮನಾಗುವ ನಮ್ಮಂಥವರು ಈ ಮಾತನ್ನು ವಿಶೇಷವಾಗಿ ನೆನಪಿಡಬೇಕು. ನಾಳೆ ಪಲ್ಯ ಮಾಡುವಾಗ ನಿಮ್ಮ ಪಾಲನ್ನೂ ಲೆಕ್ಕಕ್ಕೆ ಹಿಡಿದು ಇನ್ನೊಂದು ಕಟ್ಟು ಸೊಪ್ಪು ಹೆಚ್ಚಿ.